ನಿಮ್ಮ ಹೊಳೆಯ ಗುಂಡಿಗೆ ಹೆಸರು ಇತ್ತಾ?

ತೋಡಿನ ಕರೆ

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಕೆಲಸಕ್ಕೆ ನಿಮ್ಮ ಸಹಾಯ ಬೇಕು.

ಮೊನ್ನೆ ಮಗಳಿಗೆ ಶಾಲೆಯಲ್ಲಿ ಊರಿನ ನಕ್ಷೆ ಬರೆಯಲಿಕ್ಕೆ ಹೇಳಿದ್ದರು. ನಾನೂ ಪಕ್ಕದಲ್ಲಿ ಕೂತೆ. ರಸ್ತೆ, ಭಜನಾ ಮಂದಿರ, ಹಾಲಿನ ಸೊಸೈಟಿ ಎಲ್ಲ ಐದು ನಿಮಿಷದಲ್ಲಿ ಮುಗಿಯಿತು. ತೋಡಿನ (ಸಣ್ಣ ಹಳ್ಳದ) ಜಾಗಕ್ಕೆ ಅವಳು ಒಂದು ನೀಲಿ ಗೆರೆ ಎಳೆದು "ಆಯ್ತು" ಅಂದಳು. ನನಗೆ ಆಗಲಿಲ್ಲ. ಆ ಗೆರೆಯ ಮೇಲೆ ನನಗೆ ಹತ್ತಿಪ್ಪತ್ತು ಜಾಗ ಕಾಣುತ್ತಿತ್ತು. ಬಟ್ಟೆ ಒಗೆಯುವ ಕಲ್ಲು, ಎಮ್ಮೆ ಮೀಯಿಸುವ ಇಳಿಜಾರು, ಸಂಕದ ಕೆಳಗಿನ ಗುಂಡಿ. ಹೆಸರು ಬರೆಯೋಣ ಅಂತ ಪೆನ್ಸಿಲ್ ಹಿಡಿದರೆ ಅರ್ಧಕ್ಕರ್ಧ ಮರೆತುಹೋಗಿದೆ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆ, ಪೆರ್ಲದಿಂದ ಒಳಗೆ. ಶಿರಿಯಾ ಹೊಳೆಗೆ ಹೋಗಿ ಸೇರುವ ಒಂದು ತೋಡು. 80ರ ದಶಕದಲ್ಲಿ ನಾನು ಶಾಲೆಗೆ ಹೋಗುವಾಗ ಅಡಿಕೆ ಮರದ ಸಂಕ ದಾಟಬೇಕಿತ್ತು. ಎರಡು ಮರ ಜೋಡಿಸಿ ಕಟ್ಟಿದ್ದು, ಹಿಡಿದುಕೊಳ್ಳಲಿಕ್ಕೆ ಒಂದು ಬಿದಿರು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಬೊಳ್ಳ, ಅಂದರೆ ನೆರೆ, ಬಂದರೆ ನೀರು ಸಂಕಕ್ಕೆ ಮುಟ್ಟುತ್ತಿತ್ತು. ಅವತ್ತು ಶಾಲೆ ಇಲ್ಲ. ಈಗಿನ ಹಾಗೆ ಕಲೆಕ್ಟರ್ ರಜೆ ಕೊಡಬೇಕೆಂದಿರಲಿಲ್ಲ, ಸಂಕವೇ ಕೊಡುತ್ತಿತ್ತು.

ಅದಕ್ಕಿಂತ ಖುಷಿ ತೋಡಿಗೆ ಅಡ್ಡ ಕಟ್ಟ (ತಾತ್ಕಾಲಿಕ ಒಡ್ಡು) ಕಟ್ಟುವುದರಲ್ಲಿ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗು ಮಳೆ ನಿಂತು, ತೋಡಿನ ನೀರು ಮೊಣಕಾಲಿಗೆ ಇಳಿದ ಮೇಲೆ, ಹೆಚ್ಚಾಗಿ ಡಿಸೆಂಬರ್‌ನಲ್ಲಿ. ಎರಡು ಸಾಲು ಕಲ್ಲು ಇಡುವುದು, ನಡುವೆ ಮಣ್ಣು ತುಂಬಿ ತುಳಿಯುವುದು, ನೀರು ಒಸರುವಲ್ಲಿ ಸೊಪ್ಪು, ಅಡಿಕೆ ಸೋಗೆ ತುರುಕುವುದು. ತೋಡಿನ ಎರಡೂ ಕರೆಯ (ದಡದ) ಮನೆಯವರು ಬರಬೇಕು. ಮಾತು ಬಿಟ್ಟವರೂ ಬರುತ್ತಿದ್ದರು. ಮಾತಾಡದೆ ಕಲ್ಲು ದಾಟಿಸುತ್ತಿದ್ದರು. ಮಕ್ಕಳ ಕೆಲಸ ಮಣ್ಣು ತುಳಿಯುವುದು. ಮರುದಿನ ಬೆಳಿಗ್ಗೆ ಎದ್ದು ಓಡಿಹೋಗಿ ನೋಡಿದರೆ ಎದೆಯವರೆಗೆ ನೀರು ನಿಂತಿರುತ್ತಿತ್ತು. ವಿಷುವಿನವರೆಗೆ ಈಜು.

ನಮ್ಮಲ್ಲಿ ಕೊನೆಯ ಕಟ್ಟ ಕಟ್ಟಿದ್ದು ನಾನು ಕಾಲೇಜಿನಲ್ಲಿದ್ದಾಗ. ಆಮೇಲೆ ಒಬ್ಬರು ಬೋರ್‌ವೆಲ್ ಕೊರೆಸಿದರು. ಮರುವರ್ಷ ಮೂವರು. ಕಟ್ಟಕ್ಕೆ ಜನ ಕರೆದರೆ "ನಮಗೆ ಬೇಕಾಗಿಲ್ಲ" ಅಂದರು. ನಮ್ಮ ಮನೆಯವರೇ ಮೊದಲು ಅಂದದ್ದು, ಅದನ್ನೂ ಹೇಳಿಬಿಡುತ್ತೇನೆ.

ಈಗ ಆ ಗುಂಡಿ ಹೂಳು ತುಂಬಿ ಮೊಣಕಾಲಿಗೂ ಸಾಲುವುದಿಲ್ಲ. ಜನವರಿಗೆ ಒಣಗುತ್ತದೆ. ಹೆಸರನ್ನಾದರೂ ಉಳಿಸೋಣ ಅಂತ. ನಿಮ್ಮ ಹೊಳೆ, ತೋಡಿನಲ್ಲಿ ಯಾವ ಜಾಗಕ್ಕೆ ಏನು ಹೆಸರಿತ್ತು? ಕನ್ನಡ, ತುಳು, ಮಲಯಾಳ, ಮರಾಠಿ, ಯಾವುದಾದರೂ ಆಗಬಹುದು.

ಮುಟ್ಟಾಳೆ

ಅಣ್ಣ, ಓದಿ ಒಂದು ನಮೂನೆ ಆಯ್ತು. ನಮ್ಮಲ್ಲಿ "ಆನೆಕಲ್ಲು" ಅಂತ ಒಂದು ಬಂಡೆ ಇತ್ತು. ಅದರ ಬೆನ್ನು ಮುಳುಗಿದರೆ ಗದ್ದೆಗೆ ನೀರು ನುಗ್ಗುತ್ತದೆ ಅಂತ ಲೆಕ್ಕ. ಅಜ್ಜ ರಾತ್ರಿ ಟಾರ್ಚ್ ಹಿಡಿದು ನೋಡಿ ಬಂದು "ಕಿವಿ ಕಾಣ್ತದೆ" ಅಂದರೆ ಎಲ್ಲರೂ ನಿದ್ದೆ ಮಾಡಬಹುದು. ಬಂಡೆ ಈಗಲೂ ಉಂಟು. ಸುತ್ತ ಮಣ್ಣು ತುಂಬಿ ಬೆನ್ನು ಮಾತ್ರ ಕಾಣುವುದು. ಹಾಗಾಗಿ ಸಣ್ಣ ಮಳೆಗೂ ಮುಳುಗುತ್ತದೆ. ಆ ಲೆಕ್ಕ ಈಗ ನಡೆಯುವುದಿಲ್ಲ.

ಬಂದ್ಯೋಡು ಬಸ್

ನಾವು ಕೆಳಗಿನವರು, ಅಳಿವೆಯ ಹತ್ತಿರ. ನಿಮ್ಮ ತೋಡಿನ ಕೆಂಪು ನೀರು ಕೊನೆಗೆ ಬರುವುದು ನಮ್ಮಲ್ಲಿಗೇ. ನಮಗೆ ಕಟ್ಟ ಇಲ್ಲ, ಕಡವು ಇತ್ತು. ದೋಣಿಯಲ್ಲಿ ಆಚೆ ದಾಟಿ ಶಾಲೆಗೆ. ದೋಣಿಯವರು ಮಕ್ಕಳ ಹತ್ತಿರ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ, ಬದಲಿಗೆ ನೀರು ಚೆಲ್ಲಿಸುತ್ತಿದ್ದರು. ಇಳಿತದ ಹೊತ್ತಿಗೆ ಮರುವಾಯಿ (ಚಿಪ್ಪುಮೀನು) ಹೆಕ್ಕುವುದು, ಅಮ್ಮ ಅದಕ್ಕೆ ಪುಂಡಿ (ಅಕ್ಕಿಯ ಉಂಡೆ) ಮಾಡುವುದು. ಈಗಲೂ ಮರುವಾಯಿ ಸಿಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಮೊದಲು ಮನೆ ಹಿಂದೆಯೇ ಇತ್ತು. ಈಗ ಹುಡುಕಿಕೊಂಡು ಹೋಗಬೇಕು.

2003ರ ಬ್ಯಾಚು

ಹಿರಿಯರೇ ತಪ್ಪು ತಿಳಿಯಬೇಡಿ. ನಾನು ಅದೇ ಕಡೆಯವನು. ನನಗೆ ನೆನಪಿರುವ ಹೊಳೆ ಎರಡೇ ತರ. ಒಂದು, ಜೂನ್‌ನಲ್ಲಿ ಕೆಂಪಗೆ ಭಯ ಹುಟ್ಟಿಸುವುದು. ಇನ್ನೊಂದು, ಫೆಬ್ರವರಿಯಲ್ಲಿ ನಾವು ಕ್ರಿಕೆಟ್ ಆಡುವ ಮರಳು. ಗುಂಡಿ ಅಂತೀರಲ್ಲ, ಎಷ್ಟು ಆಳ ಇರುತ್ತಿತ್ತು?

ತೋಡಿನ ಕರೆ

ಒಂದು ಬಿದಿರು ಇಳಿಸಿದರೆ ತಳ ಸಿಗುತ್ತಿರಲಿಲ್ಲ. ಅಥವಾ ನಮ್ಮ ಬಿದಿರು ಗಿಡ್ಡ ಇತ್ತೋ ಏನೋ.

ಲೆಕ್ಕದ ಮಾಸ್ತರು

ಎಲ್ಲರೂ ಚಂದ ಬರೆಯುತ್ತಿದ್ದೀರಿ. ಆದರೆ ಸ್ವಲ್ಪ ತಕರಾರು ಉಂಟು. ಬಾಲ್ಯದ ಹೊಳೆ ಯಾವಾಗಲೂ ತುಂಬಿಯೇ ಹರಿಯುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, 1983ರಲ್ಲಿ, ಕೇರಳಕ್ಕೇ ದೊಡ್ಡ ಬರ ಬಂದಿತ್ತು. ಬಾವಿಗೆ ಇಳಿದು ಚಿಪ್ಪಿನಲ್ಲಿ ನೀರು ಮೊಗೆದು ಕೊಡದಲ್ಲಿ ತುಂಬಿದ್ದು ನನಗೆ ಚೆನ್ನಾಗಿ ನೆನಪುಂಟು. ಆಗ ಬೋರ್‌ವೆಲ್ ಎಲ್ಲಿತ್ತು? ಜೆಸಿಬಿ ಎಲ್ಲಿತ್ತು? ನೀರು ಇಲ್ಲದ ವರ್ಷ ಆಗಲೂ ಇತ್ತು, ಬೊಳ್ಳವೂ ಇತ್ತು. ಆಚೆ ನೇತ್ರಾವತಿಯಲ್ಲಿ 1923ರದ್ದು, 1974ರದ್ದು ಎರಡನ್ನೂ ಜನ ಇನ್ನೂ ಮಾರಿಬೊಳ್ಳ ಅಂತಲೇ ಕರೆಯುತ್ತಾರೆ.

ಇನ್ನೊಂದು. "ಮಳೆ ಕಡಿಮೆಯಾಗಿದೆ" ಅಂತ ಯಾರಾದರೂ ಬರೆಯುವ ಮೊದಲೇ ಹೇಳುತ್ತೇನೆ. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. 12 ಹೊಳೆಗಳು. ಇಷ್ಟು ಇದ್ದೂ ಏಪ್ರಿಲ್‌ನಲ್ಲಿ ಟ್ಯಾಂಕರ್‌ಗೆ ಕಾಯುತ್ತೇವೆ ಅಂದರೆ ಮೋಡವನ್ನು ಬೈದು ಪ್ರಯೋಜನ ಇಲ್ಲ.

ಮುಟ್ಟಾಳೆ

ಮಾಸ್ಟ್ರೇ, ಲೆಕ್ಕ ಸರಿ ಇರಬಹುದು. ಆದರೆ ಅಡಿಕೆ ಒಣಗಿಸುವವನಿಗೆ ವರ್ಷದ ಮೊತ್ತ ಕಟ್ಟಿಕೊಂಡು ಎಂತ ಆಗಬೇಕು? ಯಾವ ದಿನ ಬಂತು ಅನ್ನುವುದೇ ಮುಖ್ಯ. ಚಾಲಿ (ಒಣಗಿದ ಅಡಿಕೆ) ಆಗಲಿಕ್ಕೆ ಅಂಗಳದಲ್ಲಿ ಸುಮಾರು 40 ದಿನ ಒಳ್ಳೆ ಬಿಸಿಲು ಬೇಕು. ಮೊದಲು ದೀಪಾವಳಿ ಕಳೆದರೆ ಧೈರ್ಯದಲ್ಲಿ ಅಂಗಳಕ್ಕೆ ಹಾಕುತ್ತಿದ್ದೆವು. ಈಗ ಡಿಸೆಂಬರ್‌ನಲ್ಲೂ ರಾತ್ರಿ ಎದ್ದು ಟರ್ಪಾಲು ಎಳೆಯಬೇಕು. ಆಟಿಯಲ್ಲಿ ಎರಡು ವಾರ ಬಿಸಿಲು. ಸೋಣದಲ್ಲಿ (ಆಟಿಯ ಮುಂದಿನ ತಿಂಗಳು) ಹೊಡೆಯುವ ಮಳೆಗೆ ಕೊಳೆರೋಗದ ಮದ್ದು ಬೋರ್ಡೋ ಬಿಡಲಿಕ್ಕೆ ಒಂದು ದಿನ ಪುರುಸೊತ್ತು ಇಲ್ಲ. ಮದ್ದು ಬಿಟ್ಟು ಇಳಿಯುವಷ್ಟರಲ್ಲಿ ಮಳೆ. ಕೊಳೆರೋಗಕ್ಕೆ ಅಷ್ಟು ಸಾಕು.

ನನ್ನ ಅಪ್ಪ ಮಳೆ ಅಳೆಯುತ್ತಿದ್ದರು. ಅಂಗಳದ ಮೂಲೆಯಲ್ಲಿ ಅಳತೆ ಡಬ್ಬ ಇಟ್ಟು, ಬೆಳಿಗ್ಗೆ ಎಂಟೂವರೆಗೆ ನೋಡಿ ಡೈರಿಯಲ್ಲಿ ಬರೆಯುವುದು. ಈಗ ನಾನು ಬರೆಯುತ್ತೇನೆ. ಹಳೆ ಡೈರಿಯಲ್ಲಿ ಜುಲೈ ತಿಂಗಳ ಪುಟ ತೆಗೆದರೆ ಎಲ್ಲ ದಿನಕ್ಕೂ ಒಂದೊಂದು ಸಂಖ್ಯೆ. ನನ್ನ ಡೈರಿಯಲ್ಲಿ ಸೊನ್ನೆ, ಸೊನ್ನೆ, ಸೊನ್ನೆ, ಆಮೇಲೆ ಡಬ್ಬ ತುಂಬಿ ಚೆಲ್ಲಿದ ದಿನ. ಚೆಲ್ಲಿದ್ದನ್ನು ಎಷ್ಟು ಅಂತ ಬರೆಯುವುದು?

ಲೆಕ್ಕದ ಮಾಸ್ತರು

ಅದು ಒಳ್ಳೆಯ ಸಾಕ್ಷಿ. ಒಪ್ಪಿದೆ. ಅದಕ್ಕೆ ಕಾರಣವೂ ಉಂಟು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7 ಶೇಕಡಾ ಹೆಚ್ಚು ನೀರಾವಿ ಹಿಡಿದುಕೊಳ್ಳುತ್ತದೆ. ನಮ್ಮ ಪಕ್ಕದ ಅರಬ್ಬೀ ಸಮುದ್ರವೂ ಬಿಸಿಯಾಗುತ್ತಾ ಬಂದಿದೆ. ತುಂಬ ಹೊತ್ತು ಹಿಡಿದುಕೊಂಡು ಒಮ್ಮೆಗೇ ಸುರಿಯುತ್ತದೆ. ಮಳೆಗಾಲ ಶುರುವಾಗುವ ದಿನವೂ ನಮ್ಮ ಕೈಗೆ ಸಿಗುವುದಿಲ್ಲ. ಕೇರಳಕ್ಕೆ ಜೂನ್ 1 ಅಂತ ಪುಸ್ತಕದ ಲೆಕ್ಕ. 2025ರಲ್ಲಿ ಮೇ 24ಕ್ಕೇ ಬಂತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು.

ತೋಡಿನ ಕರೆ

ಅವತ್ತು ನಮ್ಮಲ್ಲಿ ಪತ್ತನಾಜೆಯ, ಅಂದರೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನದ, ಗಡಿಬಿಡಿ. ಆಟದವರು ಗೆಜ್ಜೆ ಬಿಚ್ಚುವ ಹೊತ್ತಿಗೆ ಮಳೆ ಬರುವುದು ಹೊಸತಲ್ಲ. ಆದರೆ ಅದು ನಾಲ್ಕು ಹನಿ, ನಾಲ್ಕು ಗುಡುಗು. ಆಟಿಯ ಹಾಗೆ ಹಿಡಿದು ಹೊಡೆಯುವುದಲ್ಲ. ಸೌದೆ ಒಳಗೆ ಹಾಕಿರಲಿಲ್ಲ, ಹಪ್ಪಳ ಅಂಗಳದಲ್ಲೇ ಇತ್ತು.

ಮಾಸ್ಟ್ರ ಮಾತಿಗೆ ಬರುತ್ತೇನೆ. ಮಳೆಯೂ ಬದಲಾಗಿದೆ, ಮಳೆ ಬೀಳುವ ನೆಲವೂ ಬದಲಾಗಿದೆ. ಎರಡನೆಯದ್ದು ನಮ್ಮದೇ ಕೆಲಸ. ಅದನ್ನು ಮುಚ್ಚಿಟ್ಟು ಹವಾಮಾನ ಅಂತ ಕೂತರೆ ನನಗೆ ಸಿಟ್ಟು ಬರುತ್ತದೆ. ನಮ್ಮ ಬೈಲಿನಲ್ಲಿ ಏಣೇಲು, ಸುಗ್ಗಿ, ಕೆಲವು ಗದ್ದೆಯಲ್ಲಿ ಕೊಳಕೆ, ಹೀಗೆ ಮೂರು ಬೆಳೆ ಇತ್ತು. ಹುಣಿ (ಬದು) ಕಟ್ಟಿದ ಗದ್ದೆ ಅಂದರೆ ನೀರು ನಿಲ್ಲುವ ತಟ್ಟೆ. ಆಟಿಯ ನೀರು ಅಲ್ಲಿ ನಿಂತು ಇಂಗಿ ಮಾರ್ಚ್‌ನಲ್ಲಿ ತೋಡಿಗೆ ಒಸರುತ್ತಿತ್ತು. ಈಗ ಬೈಲು ಪೂರ್ತಿ ಅಡಿಕೆ ತೋಟ. ತೋಟದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಹಾಗಾಗಿ ಕಣಿ ತೋಡಿ ಬೇಗ ಹೊರಗೆ ಬಿಡುತ್ತೇವೆ. ಗದ್ದೆ ತುಂಬಿಸಬಾರದು ಅಂತ ಕೇರಳದಲ್ಲಿ 2008ರಲ್ಲೇ ಕಾನೂನು ಬಂತು. ಅಷ್ಟರಲ್ಲಿ ನಮ್ಮದು ತೋಟ ಆಗಿ ಫಸಲು ಬಂದಾಗಿತ್ತು.

ಮೇಲೆ ಗುಡ್ಡದಲ್ಲಿ ಮದಕ (ಮಳೆನೀರು ನಿಲ್ಲುವ ಕೆರೆ) ಇತ್ತು. ಅದೂ ಹೋಯಿತು. ಪದವಿನಲ್ಲಿ (ಗುಡ್ಡದ ಮೇಲಿನ ಬಯಲಿನಲ್ಲಿ) ಕೆಂಪುಕಲ್ಲಿನ ಕೋರೆ. ಗುಡ್ಡ ಸಮ ಮಾಡಿದ ಮಣ್ಣೆಲ್ಲ ಮೊದಲ ಮಳೆಗೆ ತೋಡಿಗೆ. ನನ್ನ ಗುಂಡಿಯಲ್ಲಿ ತುಂಬಿರುವುದು ಅದೇ ಗುಡ್ಡ.

ಅಡೂರಿನವ

ಪಯಸ್ವಿನಿ ಕರೆಯಿಂದ ನಮಸ್ಕಾರ. ಕೊಡಗಿನ ಕಾಡಿನಲ್ಲಿ ಹುಟ್ಟಿ, ಸುಳ್ಯ ದಾಟಿ, ನಮ್ಮ ಅಡೂರು ದೇವಸ್ಥಾನದ ಪಕ್ಕದಲ್ಲೇ ಹೋಗುತ್ತದೆ. ಕೆಳಗೆ ಹೋದರೆ ಚಂದ್ರಗಿರಿ. ಹೆಸರು ಬೇಕು ಅಂದಿರಲ್ಲ, ಹೊಳೆಗೇ ಎರಡು ಹೆಸರು ನಮ್ಮಲ್ಲಿ!

ನನ್ನ ನೆನಪು ಬೇರೆ. ನಾವು ಹುಡುಗರು ಕಯದ (ಹೊಳೆಯ ಆಳದ ಗುಂಡಿಯ) ಕರೆಯ ಮರಳಿನಲ್ಲಿ ಓಡುವಾಗ ದೊಡ್ಡವರು ಹೆದರಿಸುತ್ತಿದ್ದರು, "ಮರಳಿನ ಅಡಿಯಲ್ಲಿ ದೊಡ್ಡ ಆಮೆ ಉಂಟು, ಕಾಲು ಹಿಡಿಯುತ್ತದೆ" ಅಂತ. ಮಕ್ಕಳನ್ನು ನೀರಿಗೆ ಇಳಿಸದಿರಲಿಕ್ಕೆ ಕಟ್ಟಿದ ಕಥೆ ಅಂದುಕೊಂಡಿದ್ದೆ. ದೊಡ್ಡವನಾದ ಮೇಲೆ ಗೊತ್ತಾಯಿತು, ಕಥೆ ಅಲ್ಲ. ಮೆತ್ತಗಿನ ಚಿಪ್ಪಿನ ದೈತ್ಯ ಆಮೆ. ಮಲಯಾಳದಲ್ಲಿ ಪಾಲಪೂವನ್, ಭೀಮನಾಮ ಅಂತೆಲ್ಲ ಹೇಳುತ್ತಾರೆ. ಜೀವಮಾನದ ಹೆಚ್ಚಿನ ಹೊತ್ತು ಮರಳಿನೊಳಗೆ ಹೂತುಕೊಂಡು ಅಲ್ಲಾಡದೆ ಕೂರುತ್ತದೆ. ಪ್ರಪಂಚದಲ್ಲೇ ಅಪರೂಪದ್ದು, ನಮ್ಮ ಚಂದ್ರಗಿರಿಯಲ್ಲಿ ಮೊಟ್ಟೆ ಇಡುತ್ತದೆ ಅಂತ ಅಧ್ಯಯನ ಮಾಡುವವರು ಬಂದು ತೋರಿಸಿದರು. ಈಗ ಕಾಸರಗೋಡು ಜಿಲ್ಲಾ ಪಂಚಾಯತು ಕಾಸರಕವನ್ನು ಜಿಲ್ಲೆಯ ಮರ ಮಾಡಿದ ಹಾಗೆ, ಈ ಆಮೆಯನ್ನು ಜಿಲ್ಲೆಯ ಪ್ರಾಣಿ ಅಂತ ಘೋಷಿಸಿದೆ.

ಕರೆಯ ಮರಳಿನಲ್ಲಿ ಮೊಟ್ಟೆ. ಮರಳು ತೆಗೆದರೆ ಮೊಟ್ಟೆ ಇಡಲು ಜಾಗ ಇಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ನೀರು ಏರಿದರೆ ಇಟ್ಟ ಮೊಟ್ಟೆಯೂ ಹಾಳು. ಅದಕ್ಕೂ ಕ್ಯಾಲೆಂಡರ್ ತಪ್ಪಿದೆ, ನಮಗೊಬ್ಬರಿಗೇ ಅಲ್ಲ.

2003ರ ಬ್ಯಾಚು

ಇದು ನನಗೆ ಗೊತ್ತೇ ಇರಲಿಲ್ಲ! ಕಾಲು ಹಿಡಿಯುತ್ತದಾ ನಿಜಕ್ಕೂ?

ಅಡೂರಿನವ

ಅದರ ಬಾಯಿಗೆ ಕೈ ಹಾಕಬೇಡ ತಮ್ಮಾ, ಅಷ್ಟು ಸಾಕು.

ವಿದ್ಯಾನಗರ ನಲ್ಲಿ

ಚಂದ್ರಗಿರಿ ಅಂದಾಗ ನಮ್ಮ ಪೇಟೆಯವರ ನೆನಪೂ ಇರಲಿ. ನಿಮಗೆ ಹೊಳೆಯಲ್ಲಿ ಈಜಿದ ನೆನಪು, ನಮಗೆ ಹೊಳೆಯನ್ನು ಕುಡಿದ ನೆನಪು. ಕಾಸರಗೋಡು ಪೇಟೆಗೆ ನೀರು ಬರುವುದು ಬಾವಿಕ್ಕೆರೆಯಿಂದ. ಬೇಸಿಗೆಯಲ್ಲಿ ಮೇಲಿನಿಂದ ಹರಿವು ಕಡಿಮೆಯಾದರೆ ಸಮುದ್ರದ ಉಬ್ಬರ ಅಲ್ಲಿಯವರೆಗೂ ಏರುತ್ತದೆ. ಅದನ್ನು ತಡೆಯಲು ವರ್ಷ ವರ್ಷ ಮರಳಿನ ಚೀಲದ ತಡೆ ಹಾಕುವುದು, ಮಳೆಗೆ ಅದು ಕೊಚ್ಚಿಹೋಗುವುದು. ತಡೆ ಹಾಕಲು ತಡವಾದ ವರ್ಷ ನಲ್ಲಿಯಲ್ಲಿ ಉಪ್ಪು ನೀರು. ಕಾಫಿ ಮಾಡಿದರೆ ಹಾಲು ಒಡೆಯುತ್ತಿತ್ತು. ಗಂಜಿಗೆ ಉಪ್ಪು ಹಾಕುವ ಕೆಲಸ ಇರಲಿಲ್ಲ. ನೆಂಟರು ಬಂದರೆ ಮೊದಲೇ ಹೇಳಿಬಿಡುವುದು, "ಇದು ನಮ್ಮ ಕೈಗುಣ ಅಲ್ಲ".

ಶಾಶ್ವತ ರೆಗ್ಯುಲೇಟರ್ ಆದದ್ದು 2021ರಲ್ಲಿ. ಆಮೇಲೆ ಪರವಾಗಿಲ್ಲ. ನಮ್ಮ ಓಣಿಯಲ್ಲಿ ಕೆಲವರು ಮಾತ್ರ ಈಗಲೂ ಮಾರ್ಚ್ ಬಂದರೆ ನಲ್ಲಿ ನೀರನ್ನು ನಾಲಿಗೆಗೆ ಮುಟ್ಟಿಸಿ ನೋಡುತ್ತಾರೆ.

ಸೋಣದ ಹೂ

ಎರಡು ದಿನದಿಂದ ಸುಮ್ನೆ ಓದುತ್ತಿದ್ದೆ. ಒಂದು ಮಾತು ಹೇಳಲೇಬೇಕು ಅನ್ನಿಸಿತು.

ನೀವು ಬರೆದ ಹೊಳೆಯಲ್ಲಿ ಬರೀ ಹುಡುಗರು. ಈಜಿದ್ದು, ಮರಳಿನಲ್ಲಿ ಓಡಿದ್ದು, ಕ್ರಿಕೆಟ್ ಆಡಿದ್ದು. ನಾನೂ ಅದೇ ಕಾಲದವಳು. ನನಗೆ ಈಜು ಬರುವುದಿಲ್ಲ. ಹೆಣ್ಣುಮಕ್ಕಳನ್ನು ಗುಂಡಿಗೆ ಇಳಿಯಲು ಬಿಡುತ್ತಿರಲಿಲ್ಲ. ಹೊಳೆ ಅಂದರೆ ನನಗೆ ತಲೆ ಮೇಲೆ ಬಟ್ಟೆಯ ಗಂಟು, ಹೊಳೆಯಿಂದ ವಾಪಸ್ ಬರುವಾಗ ಒದ್ದೆಯಾಗಿ ಎರಡರಷ್ಟು ಭಾರ. ಸೊಂಟದಲ್ಲಿ ಕೊಡ. ಜಾರುವ ಮೆಟ್ಟಿಲು. ಬಾಣಂತಿ ಬಟ್ಟೆ ಒಗೆಯಲು ಎಲ್ಲರಿಗಿಂತ ಕೆಳಗಿನ ಕಲ್ಲು, ಮುಟ್ಟಾದವರಿಗೆ ಇನ್ನೂ ಕೆಳಗೆ. ಆ ಕಲ್ಲಿಗೆ ಹೋಗುವ ದಾರಿಯಲ್ಲಿ ಮುಳ್ಳು ಇತ್ತು. ಯಾರೂ ಕಡಿದು ಕೊಡುತ್ತಿರಲಿಲ್ಲ.

ಮನೆಗೆ ಬೋರ್‌ವೆಲ್ ಬಂದ ದಿನ ನನ್ನ ಅಮ್ಮ ನಲ್ಲಿ ತಿರುಗಿಸಿ ಸುಮಾರು ಹೊತ್ತು ನೋಡುತ್ತಾ ನಿಂತಿದ್ದರು. ಅವರಿಗೆ ಆಗ 45 ದಾಟಿತ್ತು. ಕಟ್ಟ ನಿಂತುಹೋಯಿತು ಅಂತ ನೀವು ಬೇಜಾರು ಮಾಡಿಕೊಳ್ಳುವುದು ಸರಿ. ನನಗೂ ಗೊತ್ತು, ಅಂತರ್ಜಲ ಎಲ್ಲಿಗೆ ಮುಟ್ಟಿದೆ ಅಂತ. ನಮ್ಮ ಕಾಸರಗೋಡು ಬ್ಲಾಕು ಕ್ರಿಟಿಕಲ್ ಪಟ್ಟಿಗೆ ಸೇರಿದ ಸುದ್ದಿ ನಾನೂ ಓದಿದ್ದೇನೆ. ಆದರೆ ಅಮ್ಮನ ಹತ್ತಿರ "ಹಳೆ ಹೊಳೆ ಬೇಕಾ?" ಅಂತ ಕೇಳಿದರೆ ಏನು ಹೇಳುತ್ತಾರೋ ನೋಡಿ.

ತೋಡಿನ ಕರೆ

ಅಕ್ಕಾ, ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನಕ್ಷೆಯಲ್ಲಿ "ಬಟ್ಟೆ ಒಗೆಯುವ ಕಲ್ಲು" ಅಂತ ಒಂದೇ ಚುಕ್ಕಿ ಇಟ್ಟಿದ್ದೆ. ಮೂರು ಕಲ್ಲು ಇತ್ತು ಅಂತ ಈಗ ನೆನಪಾಗುತ್ತಿದೆ. ಯಾಕೆ ಮೂರು ಅಂತ ಯಾವತ್ತೂ ಕೇಳಿರಲಿಲ್ಲ.

ಲೆಕ್ಕದ ಮಾಸ್ತರು

ನನ್ನ ತಕರಾರಿಗಿಂತ ಈ ತಕರಾರು ದೊಡ್ಡದು. ನಾನು ಹಿಂದೆ ಸರಿದೆ.

ಮುಟ್ಟಾಳೆ

ಅಕ್ಕ ಹೇಳಿದ್ದು ಸರಿ. ಆದರೆ ನಲ್ಲಿ ಮತ್ತು ಕಟ್ಟ ಎರಡೂ ಇರಬಾರದಾ? ಏತಡ್ಕದ ಕಡೆ ಸಾಲಾಗಿ ಕಟ್ಟ ಕಟ್ಟುವ ರೂಢಿ ಬಿಡದೆ ಇಟ್ಟುಕೊಂಡು ಬಂದವರಿದ್ದಾರೆ. ಮೇಲಿನ ಕಟ್ಟದಿಂದ ಒಸರಿದ ನೀರು ಕೆಳಗಿನ ಕಟ್ಟಕ್ಕೆ, ಅಲ್ಲಿಂದ ಇನ್ನೂ ಕೆಳಗೆ. ತೋಡಿನಲ್ಲಿ ನಿಂತ ನೀರು ಎರಡೂ ಕರೆಯ ಬಾವಿಗೆ ಇಳಿಯುತ್ತದೆ. ಬೋರ್‌ವೆಲ್‌ಗೂ ಅದೇ ನೀರು ತಾನೇ ಆಧಾರ? ಸುರಂಗ ಇರುವ ಮನೆಯವರನ್ನು ಕೇಳಿ. ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಿಂದ ಪಂಪು, ಕರೆಂಟು ಏನೂ ಇಲ್ಲದೆ ನೀರು ಅಂಗಳಕ್ಕೆ ಬರುತ್ತದೆ. ಆದರೆ ಮೇಲೆ ಗುಡ್ಡ ಇರಬೇಕು. ಗುಡ್ಡವನ್ನೇ ಲಾರಿಯಲ್ಲಿ ಕಳಿಸಿದರೆ ಸುರಂಗಕ್ಕೆ ಎಲ್ಲಿಂದ ನೀರು?

ಕಷ್ಟ ಇರುವುದು ಜನರದ್ದು. ಕಲ್ಲು ಹೊರಲು ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಕೊಟ್ಟು ಪೂರೈಸುವುದಿಲ್ಲ. ಈಗ ಪ್ಲಾಸ್ಟಿಕ್ ಶೀಟು, ಮರಳಿನ ಚೀಲ ಹಾಕಿ ಕಟ್ಟುತ್ತಾರೆ. ಹಲಗೆ ಇಳಿಸುವ ಕಿಂಡಿ ಅಣೆಕಟ್ಟೂ ಕೆಲವು ಕಡೆ ಆಗಿದೆ. ಅದರಲ್ಲಿ ಒಂದು ತಮಾಷೆ ಉಂಟು. ಅಣೆಕಟ್ಟು ಗಟ್ಟಿ ಇರುತ್ತದೆ, ಹಲಗೆ ಇಳಿಸಲು ಯಾರಿಗೂ ನೆನಪಿರುವುದಿಲ್ಲ!

ಬಂದ್ಯೋಡು ಬಸ್

ಹಲಗೆ ಇಳಿಸಿದರೆ ತೆಗೆಯಲೂ ನೆನಪಿರಬೇಕು ಮಾರಾಯ್ರೇ. ಮೇ ತಿಂಗಳಲ್ಲೇ ಮಳೆ ಹಿಡಿದರೆ ಹಲಗೆ ಅಲ್ಲೇ, ನೀರು ತೋಟಕ್ಕೆ. ಮೊದಲು ಕಟ್ಟಕ್ಕೆ ಆ ತೊಂದರೆ ಇರಲಿಲ್ಲ. ದೊಡ್ಡ ಮಳೆ ಬಂದರೆ ಅದೇ ಕೊಚ್ಚಿಹೋಗುತ್ತಿತ್ತು. ಹೋಗಲಿ ಅಂತಲೇ ಕಟ್ಟಿದ್ದು ಅದು.

2018ರ ಆಗಸ್ಟ್ ನೆನಪಿದೆಯಾ? ಕೇರಳದ 14 ಜಿಲ್ಲೆಗಳಲ್ಲಿ 13ಕ್ಕೆ ರೆಡ್ ಅಲರ್ಟ್. ನಮ್ಮದೊಂದು ಮಾತ್ರ ಹೊರಗೆ. ಗಲ್ಫಿನಿಂದ ಅಣ್ಣ ಫೋನ್ ಮಾಡಿ "ನೀವು ಬದುಕಿದ್ದೀರಾ?" ಅಂತ ಕೇಳಿದ. ನಾನು ಬಟ್ಟೆ ಒಣಗಿಸುತ್ತಿದ್ದೆ. ಮರುವರ್ಷವೇ ತೇಜಸ್ವಿನಿ ಉಕ್ಕಿ ತೆಂಕು ಭಾಗದ ಜನ ಮನೆ ಬಿಟ್ಟು ಹೋಗಬೇಕಾಯಿತು. ಈ ವರ್ಷ ನಮಗಿಲ್ಲ ಅಂದುಕೊಂಡರೆ ಬರುವ ವರ್ಷ ನಮ್ಮ ಬಾಗಿಲಿಗೇ.

2003ರ ಬ್ಯಾಚು

ಒಂದು ಕೆಲಸ ಮಾಡಿದೆ. ಫೋನಿನಲ್ಲಿ ಉಪಗ್ರಹ ನಕ್ಷೆ ತೆಗೆದು ತೋಡಿನ ಉದ್ದಕ್ಕೂ ಗೆರೆ ಹಾಕಿದ್ದೇನೆ. ನೀವು ಹೇಳಿದ ಜಾಗಗಳನ್ನೆಲ್ಲ ಚುಕ್ಕಿ ಇಟ್ಟು ಬರೆಯುತ್ತೇನೆ. ಕರೆ ಅಣ್ಣ, ಸಂಕದ ಕೆಳಗಿನ ಗುಂಡಿಯ ಹೆಸರು ಒಂದು ಬಾಕಿ ಉಂಟು. ಸೋಣದ ಹೂ ಅಕ್ಕ ಅದೇ ಕಡೆಯವರಾ? ಅವರ ಅಮ್ಮನಿಗೆ ಗೊತ್ತಿರಬಹುದು.

ಸೋಣದ ಹೂ

ತೋಡಿನ ಆಚೆ ಕರೆ ನಮ್ಮದು. ರಾತ್ರಿ ಕೇಳಿ ಹೇಳುತ್ತೇನೆ.

ತೋಡಿನ ಕರೆ

ಆಚೆ ಕರೆಯಾ? ಯಾವ ಮನೆ ಅಂತ ಇಲ್ಲಿ ಕೇಳುವುದಿಲ್ಲ. ಆದರೆ ಕಟ್ಟಕ್ಕೆ ಮಜ್ಜಿಗೆ ತರುತ್ತಿದ್ದದ್ದು ಆಚೆ ಕರೆಯಿಂದ. ಶುಂಠಿ ಜಾಸ್ತಿ ಇರುತ್ತಿತ್ತು.

ಸೋಣದ ಹೂ

ಶುಂಠಿ ಜಜ್ಜುತ್ತಿದ್ದದ್ದು ನಾನೇ.

ಅಮ್ಮನ ಹತ್ತಿರ ಕೇಳಿದೆ. ಮಳೆಗಾಲದ ಹೊಳೆಯ ಸದ್ದು ನೆನಪಾಗುತ್ತದಂತೆ, ಹೊರುವ ಕೊಡ ಬೇಡವಂತೆ. "ಎರಡನ್ನೂ ಬೇರೆ ಮಾಡಲಿಕ್ಕೆ ಆಗ್ತದಾ ಕೇಳು ಅವರ ಹತ್ತಿರ" ಅಂದರು.

ಗುಂಡಿಗೆ ಹೆಸರು ಇರಲಿಲ್ಲವಂತೆ. ನಮ್ಮ ಕಡೆ ಅಷ್ಟು ಆಳದ್ದು ಅದೊಂದೇ ಇದ್ದದ್ದು, ಹಾಗಾಗಿ ಬರೀ "ಗುಂಡಿ" ಅಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಹೆಸರು ಇದ್ದದ್ದು ಕಲ್ಲುಗಳಿಗೆ. ಮೇಲಿನದ್ದು ದೇವರ ಕಲ್ಲು, ಪೂಜೆಯ ಬಟ್ಟೆಗೆ. ನಡುವಿನದ್ದು ಸಾಬೂನು ಕಲ್ಲು. ಕೆಳಗಿನದ್ದಕ್ಕೆ ಹೆಂಗಸರು ತಮ್ಮೊಳಗೆ ಇಟ್ಟುಕೊಂಡ ಹೆಸರು "ಪುರುಸೊತ್ತು". ಯಾಕೆಂದರೆ ಅಲ್ಲಿಗೆ ಹೋದರೆ ಮನೆಯಿಂದ ಯಾರೂ ಕರೆಯಲು ಬರುತ್ತಿರಲಿಲ್ಲ.

2003ರ ಬ್ಯಾಚು

ಹಾಕಿದೆ. ಮೂರು ಚುಕ್ಕಿ. "ಪುರುಸೊತ್ತು" ಈಗ ಹೂಳಿನ ಅಡಿಯಲ್ಲಿ ಉಂಟಾ, ಇಲ್ಲ ಕಾಣುತ್ತದಾ? ಭಾನುವಾರ ಹೋಗಿ ನೋಡುತ್ತೇನೆ. ಹಾರೆ ಬೇಕಾಗಬಹುದು.